ಹೊಸ ಆಪರೇಟಿಂಗ್ ಸಿಸ್ಟಮ್ ಮತ್ತು ಕಚೇರಿಯ ಒಂದು ದಿನ

(ಶಿರಸಿಯಲ್ಲಿ ಸಹಕಾರಿ ಸಂಘಗಳ ಕಾರ್ಯದರ್ಶಿಗಳು, ಲೆಕ್ಕಿಗರು ಮತ್ತು ಮುದ್ರಣಾಲಯದವರ ಎದುರು ಆಡಿದ ಮಾತುಗಳ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟಿದ್ದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಾನ್ಯರೆ,

ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಅಂಥದ್ದೊಂದಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ದೋಷಗಳ ತಿದ್ದುಪಡಿ, 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಈಚೆಗೆ ಪೇಟೆಯಲ್ಲಿ ಎದುರಾದವರು, ಸಿದ್ದಾಪುರ, ಯಲ್ಲಾಪುರಗಳಿಂದ ಫೋನು ಮಾಡಿದವರು, ಕುಮಟಾ, ಕಾರವಾರಗಳ ಮುದ್ರಣಾಲಯದ ಗೆಳೆಯರು, ಎಲ್ಲರೂ ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ‘ಹೊಸತಕ್ಕೆ ಹೋಗಬಹುದೇ? ಅದು ಕೆಲಸಕ್ಕೆ ಸಿದ್ಧವಾಗಿದೆಯೇ?’ ಹೊಸತು ಎಂದರೆ ಹೆಚ್ಚಿನವರಿಗೆ ವಿಂಡೋಸ್ 11, ಕೆಲವರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಬಗೆಯ ಉಬುಂಟು ಅಥವಾ ಡೆಬಿಯನ್. ಇಪ್ಪತ್ತು ವರ್ಷಗಳಿಂದ ಈ ಭಾಗದ ಸಂಘಗಳ, ಮುದ್ರಣಾಲಯಗಳ ಗಣಕಗಳನ್ನು ನೋಡಿಕೊಳ್ಳುತ್ತಾ ಬಂದಿರುವ ನನಗೆ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಕೊಡುವುದು ಸಾಧ್ಯವಾಗಿಲ್ಲ. ಏಕೆ ಸಾಧ್ಯವಿಲ್ಲ, ಹಾಗಿದ್ದರೆ ಉತ್ತರವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಹೇಳುವುದಕ್ಕಾಗಿ ಈ ಅವಕಾಶವನ್ನು ಬಳಸಿಕೊಳ್ಳುತ್ತೇನೆ.

ನನ್ನಿಂದಲೇ ಆದ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಜಿಲ್ಲೆಯ ಒಂದು ಸಂಘದ ಕಚೇರಿಯಲ್ಲಿ, ತಿಂಗಳ 12ನೇ ತಾರೀಕಿನ ಸಂಜೆ, ಲೆಕ್ಕದ ಗಣಕಕ್ಕೆ ಹೊಸ ವಿಂಡೋಸ್ ಹಾಕಿದೆ. ಮರುದಿನ ಬೆಳಿಗ್ಗೆ ನಾನೇ ಹೋಗಿ ಕುಳಿತು ನೋಡಿದೆ. ಲೆಕ್ಕದ ತಂತ್ರಾಂಶ ತೆರೆಯಿತು, ರಸೀದಿ ಮುದ್ರಣವಾಯಿತು, ಕಿರ್ದಿ ತಾಳೆಯಾಯಿತು. ಕಾರ್ಯದರ್ಶಿಯವರು ಸಂತೋಷಪಟ್ಟರು, ನಾನೂ ನಿಶ್ಚಿಂತನಾದೆ. ತೊಂದರೆ ಕಾಣಿಸಿದ್ದು 31ನೇ ತಾರೀಕಿನ ಸಂಜೆ. ತಿಂಗಳ ಕೊನೆಯ ಆಸಾಮಿ ಖಾತೆಯ ಪಟ್ಟಿಯನ್ನು ಆ ಸಂಘದಲ್ಲಿ ಅಗಲ ಕಾಗದದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೆಗೆಯುತ್ತಿದ್ದರು. ಹೊಸ ವ್ಯವಸ್ಥೆ ಆ ಪ್ರಿಂಟರಿಗೆ ತನ್ನಲ್ಲಿದ್ದ ಸಾಮಾನ್ಯ ಡ್ರೈವರನ್ನು, ಅಂದರೆ ಸಾಧನವನ್ನು ನಡೆಸುವ ಚಿಕ್ಕ ತಂತ್ರಾಂಶವನ್ನು, ತಾನೇ ಜೋಡಿಸಿಕೊಂಡಿತ್ತು. ಕಾಗದದ ಅಗಲ ಅದಕ್ಕೆ ಗೊತ್ತಿರಲಿಲ್ಲ. ಬಡ್ಡಿಯ ಕಾಲಮ್ಮು ಮುಂದಿನ ಹಾಳೆಗೆ ಜಾರಿತು, ಹೆಸರು ಒಂದು ಕಡೆ ಮೊತ್ತ ಇನ್ನೊಂದು ಕಡೆ ಆಯಿತು. ಹಿಂದಿನ ವಿಂಡೋಸಿಗೆ ಮರಳೋಣವೆಂದರೆ ದಾರಿ ಮುಚ್ಚಿಹೋಗಿತ್ತು, ಏಕೆಂದರೆ ಮೇಲ್ದರ್ಜೆಗೆ ಏರಿಸಿದ ಮೇಲೆ ಹಿಂದಕ್ಕೆ ಹೋಗಲು ವಿಂಡೋಸ್ ತಾನಾಗಿ ಕೊಡುವ ಅವಧಿ ಹತ್ತು ದಿನ ಮಾತ್ರ; ಅಂದಿಗೆ ಹತ್ತೊಂಬತ್ತು ದಿನ ಕಳೆದಿದ್ದವು. ಲೆಕ್ಕಿಗರೂ ಇಬ್ಬರು ಗುಮಾಸ್ತರೂ ರಾತ್ರಿ ಒಂದು ಗಂಟೆಯವರೆಗೆ ಕುಳಿತು ಪಟ್ಟಿಯನ್ನು ಕೈಯಲ್ಲಿ ಬರೆದರು. ಆ ಸಂಘದ ಹೆಸರು ಇಲ್ಲಿ ಬೇಕಿಲ್ಲ. ಅವರದು ಏನೂ ತಪ್ಪಿರಲಿಲ್ಲ.

ಆ ರಾತ್ರಿ ನನಗೆ ಅರ್ಥವಾದದ್ದು ಇಷ್ಟು. ‘ವಿಂಡೋಸ್ ಸಿದ್ಧವಾಗಿದೆಯೇ’ ಎಂದು ನಾನು ಕೇಳಿಕೊಂಡಿದ್ದೆ, ಅದಕ್ಕೆ ಸರಿಯಾದ ಉತ್ತರವೂ ಸಿಕ್ಕಿತ್ತು. ಜಗತ್ತಿನ ಕೋಟ್ಯಂತರ ಯಂತ್ರಗಳಲ್ಲಿ ಅದು ಆಗಲೇ ನಡೆಯುತ್ತಿತ್ತು. ‘ಈ ಮೇಜಿನ ಮೇಲೆ, ಈ ಪ್ರಿಂಟರಿಗೆ, ತಿಂಗಳ ಕೊನೆಯ ಈ ಪಟ್ಟಿಗೆ ಸಿದ್ಧವಾಗಿದೆಯೇ’ ಎಂದು ಕೇಳಿರಲಿಲ್ಲ. ಸಿದ್ಧತೆ ಎಂಬುದು ಆಪರೇಟಿಂಗ್ ಸಿಸ್ಟಮ್ಮಿನ ಗುಣವಲ್ಲ, ಅದಕ್ಕೂ ಒಂದು ನಿರ್ದಿಷ್ಟ ಕೆಲಸಕ್ಕೂ ಇರುವ ಸಂಬಂಧ. ಆದ್ದರಿಂದ ಅದನ್ನು ತೀರ್ಮಾನಿಸಬೇಕಾದವರು ತಯಾರಕರೂ ಅಲ್ಲ, ನನ್ನಂಥ ಗಣಕ ನೋಡಿಕೊಳ್ಳುವವನೂ ಅಲ್ಲ. ಆ ಕೆಲಸ ಮಾಡುವ ಕಚೇರಿಯೇ ತೀರ್ಮಾನಿಸಬೇಕು.

ತಯಾರಕರ ಮಾತನ್ನು ನಂಬಬೇಡಿ ಎಂದು ನಾನು ಹೇಳುತ್ತಿಲ್ಲ. ಅವರು ಹೇಳುವುದಕ್ಕಿಂತ ಅವರು ನಡೆದುಕೊಳ್ಳುವ ರೀತಿಯನ್ನು ಗಮನಿಸಿದರೆ ಹೆಚ್ಚು ತಿಳಿಯುತ್ತದೆ. ಆ್ಯಪಲ್ ಕಂಪನಿ ತನ್ನ ಮ್ಯಾಕ್ ಓಎಸ್ ಟೆನ್ ಎಂಬ ಪೂರ್ತಿ ಹೊಸ ವ್ಯವಸ್ಥೆಯನ್ನು 2001ರ ಮಾರ್ಚ್ 24ರಂದು ಮಾರಾಟಕ್ಕೆ ಬಿಟ್ಟಿತು. ಆದರೆ ತಾನು ಮಾರುವ ಹೊಸ ಗಣಕಗಳು ಆನ್ ಮಾಡಿದ ಕೂಡಲೇ ಅದರಲ್ಲೇ ತೆರೆದುಕೊಳ್ಳುವಂತೆ ಮಾಡಿದ್ದು 2002ರ ಜನವರಿಯಲ್ಲಿ. ನಡುವಿನ ಸುಮಾರು ಹತ್ತು ತಿಂಗಳು ಹಳೆಯ ಮ್ಯಾಕ್ ಓಎಸ್ 9 ಕೂಡ ಅದೇ ಯಂತ್ರದಲ್ಲಿ ಇರುತ್ತಿತ್ತು. ಮೊದಲ ಆವೃತ್ತಿಯಲ್ಲಿ ಡಿವಿಡಿ ನೋಡುವುದಕ್ಕೂ ಆಗುತ್ತಿರಲಿಲ್ಲ, ಸೆಪ್ಟೆಂಬರಿನಲ್ಲಿ 10.1 ಬಂದ ಮೇಲೆ ಅಂಥ ಕೊರತೆಗಳು ತುಂಬಿದವು. ಇಲ್ಲಿರುವ ಮುದ್ರಣಾಲಯದವರಿಗೆ ಇನ್ನೊಂದು ಸಂಗತಿ ಹೇಳಬೇಕು. ಆಗ ಜಗತ್ತಿನ ದೊಡ್ಡ ಪತ್ರಿಕೆಗಳ ಪುಟವಿನ್ಯಾಸ ನಡೆಯುತ್ತಿದ್ದದ್ದು ಕ್ವಾರ್ಕ್ ಎಕ್ಸ್‌ಪ್ರೆಸ್ ತಂತ್ರಾಂಶದಲ್ಲಿ. ಹೊಸ ವ್ಯವಸ್ಥೆಯಲ್ಲಿ ನೇರವಾಗಿ ನಡೆಯುವ ಕ್ವಾರ್ಕ್ ಬಂದದ್ದು 2003ರಲ್ಲಿ. ಅಂದರೆ ತಯಾರಕರ ಲೆಕ್ಕದಲ್ಲಿ 2001ಕ್ಕೇ ಸಿದ್ಧವಾಗಿದ್ದ ವ್ಯವಸ್ಥೆ, ಕ್ವಾರ್ಕನ್ನೇ ನಂಬಿದ್ದ ಪುಟವಿನ್ಯಾಸಕನ ಲೆಕ್ಕದಲ್ಲಿ ಇನ್ನೂ ಎರಡು ವರ್ಷ ಸಿದ್ಧವಾಗಿರಲಿಲ್ಲ. ಇಬ್ಬರ ಲೆಕ್ಕವೂ ಸರಿಯೇ. ಕ್ವಾರ್ಕಿನ ಎದುರಾಳಿಯಾಗಿದ್ದ ಇನ್‌ಡಿಸೈನ್ ಈ ನಡುವಿನ ಅವಧಿಯಲ್ಲಿ, 2002ರಲ್ಲೇ, ಹೊಸ ವ್ಯವಸ್ಥೆಗೆ ಹೊಂದಿಕೊಂಡಿತು.

ಉಬುಂಟು ವಿಷಯದಲ್ಲಿ ಈ ಎಚ್ಚರಿಕೆ ನಿಯಮದಲ್ಲೇ ಸೇರಿದೆ. ಅದರ ದೀರ್ಘಾವಧಿ ಬೆಂಬಲದ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್ ತಿಂಗಳಲ್ಲಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಜಾತ್ರೆ ಮುಗಿದ ಮರುತಿಂಗಳು ಎಂದುಕೊಂಡರೆ ಶಿರಸಿಯವರಿಗೆ ನೆನಪಿನಲ್ಲಿ ಉಳಿಯುತ್ತದೆ. ಆದರೆ ಹಿಂದಿನ ದೀರ್ಘಾವಧಿ ಆವೃತ್ತಿ ಬಳಸುತ್ತಿರುವವರಿಗೆ ‘ಹೊಸತಕ್ಕೆ ಬನ್ನಿ’ ಎಂಬ ಕರೆ ಏಪ್ರಿಲಿನಲ್ಲಿ ಬರುವುದಿಲ್ಲ. ಮೊದಲ ತಿದ್ದುಪಡಿ ಆವೃತ್ತಿ ಬರುವವರೆಗೆ ಆ ಕರೆಯನ್ನು ತಡೆಹಿಡಿಯುತ್ತಾರೆ. 24.04 ಬಂದದ್ದು 2024ರ ಏಪ್ರಿಲ್ 25ರಂದು; 24.04.1 ಬಂದದ್ದು ಆಗಸ್ಟ್ 29ರಂದು. ಕೆಲಸದ ಯಂತ್ರದವರು ಈ ನಾಲ್ಕು ತಿಂಗಳು ಕಾಯಲಿ ಎಂಬುದು ತಯಾರಕರದೇ ಅಭಿಪ್ರಾಯ. ಡೆಬಿಯನ್ ಯೋಜನೆಯವರಂತೂ ದಿನಾಂಕವನ್ನು ಮೊದಲೇ ಘೋಷಿಸಿ ಅದರ ಹಿಂದೆ ಓಡುವವರಲ್ಲ. ಬಿಡುಗಡೆಗೆ ಅಡ್ಡಿಯಾಗುವ ದೋಷಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ತಿಂಗಳುಗಟ್ಟಲೆ ಹೊಸತೇನನ್ನೂ ಸೇರಿಸದೆ ತಡೆದು, ಆ ಪಟ್ಟಿ ಕರಗಿದ ಮೇಲೆ ಹೊರಬಿಡುತ್ತಾರೆ. ನನಗೆ ಈ ಪದ್ಧತಿಯ ಮೇಲೆ ಬಹಳ ಗೌರವವಿದೆ. ಆದರೂ ನಮ್ಮ ಮೇಜಿನ ಮೇಲಿನ ಪಾಸ್‌ಬುಕ್ ಪ್ರಿಂಟರು ಅವರ ಪಟ್ಟಿಯಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಹಾಗಾದರೆ ಪರೀಕ್ಷೆ ಹೇಗೆ? ನಾನು ಈಗ ಮಾಡುವ ಕ್ರಮ ಸರಳವಾದದ್ದು, ಆದರೆ ತಾಳ್ಮೆ ಕೇಳುವಂಥದ್ದು. ಕಚೇರಿಯ ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ಆ ಗಣಕದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು, ಅದರ ಮುಂದೆ ಕೂರುವವರ ಪಕ್ಕದಲ್ಲಿ ಕುಳಿತು, ಒಂದು ಪೂರ್ತಿ ದಿನ ಬರೆದುಕೊಳ್ಳುತ್ತೇನೆ. ಅಡಿಕೆ ವ್ಯಾಪಾರದ ಕಚೇರಿಯಾದರೆ ತೂಕದ ಚೀಟಿ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸಿದ ದಾಖಲೆ, ಟೆಂಡರಿನ ದರ, ಸದಸ್ಯನ ಕೈಗೆ ಹೋಗುವ ಮಾರಾಟದ ಪಟ್ಟಿ, ಸಾಲದ ಖಾತೆಗೆ ವಜಾ, ಉಳಿದ ಹಣದ ಪಾವತಿ. ಪ್ರತಿಯೊಂದು ಹಂತದಲ್ಲೂ ಯಾವ ತಂತ್ರಾಂಶ, ಯಾವ ಸಾಧನ, ಯಾವ ಕಾಗದ ಎಂದು ಗುರುತಿಸುತ್ತೇನೆ. ಹೀಗೆ ಬರೆದಾಗ ಕಾರ್ಯದರ್ಶಿಯವರಿಗೇ ಗೊತ್ತಿಲ್ಲದ ಸಂಗತಿಗಳು ಹೊರಬರುತ್ತವೆ. ಒಂದು ಕಡೆ ಹಳೆಯ ಸದಸ್ಯರ ಷೇರು ಲೆಕ್ಕ ಇನ್ನೂ ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದ ಫಾಕ್ಸ್‌ಪ್ರೋ ಎಂಬ ದಾಖಲೆ ತಂತ್ರಾಂಶದಲ್ಲೇ ಇತ್ತು. ವರ್ಷಕ್ಕೆ ಎರಡು ಸಲ ಮಾತ್ರ ಅದನ್ನು ತೆರೆಯುತ್ತಿದ್ದರು. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ, 64 ಬಿಟ್ ವಿಂಡೋಸಿನಲ್ಲಿ ಡಾಸ್ ಕಾಲದ ತಂತ್ರಾಂಶ ನೇರವಾಗಿ ನಡೆಯುವುದಿಲ್ಲ, ಹಳೆಯ 32 ಬಿಟ್ ಡ್ರೈವರುಗಳನ್ನೂ ಅದು ಒಪ್ಪುವುದಿಲ್ಲ. ಇದು ಮೊದಲೇ ತಿಳಿದಿದ್ದರಿಂದ ಆ ಲೆಕ್ಕವನ್ನು ಬೇರೆಡೆಗೆ ಸಾಗಿಸಿದ ಮೇಲೆಯೇ ಮುಂದುವರಿದೆವು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ, ಚೆಕ್ ಮುದ್ರಿಸುವ ಪ್ರಿಂಟರು, ಇವೆಲ್ಲ ಚಿಕ್ಕ ಸಾಧನಗಳು. ಕೆಲಸ ನಿಲ್ಲುವುದು ಬಹುಮಟ್ಟಿಗೆ ಇವುಗಳಿಂದಲೇ.

ಕನ್ನಡದ ಪರೀಕ್ಷೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದನ್ನು ನಮಗಾಗಿ ಬೇರೆ ಯಾರೂ ಮಾಡಿಕೊಡುವುದಿಲ್ಲ. ಪರದೆಯ ಮೇಲೆ ಕನ್ನಡ ಕಾಣಿಸಿತು ಎಂದ ಮಾತ್ರಕ್ಕೆ ಕೆಲಸಕ್ಕೆ ಒದಗಿತು ಎಂದಾಗುವುದಿಲ್ಲ. ನಮ್ಮ ಮುದ್ರಣಾಲಯಗಳಲ್ಲಿ ಎರಡು ಬಗೆಯ ಕನ್ನಡ ಕಡತಗಳಿವೆ. ಯುನಿಕೋಡ್ ಕಡತದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿರುತ್ತದೆ, ಆದ್ದರಿಂದ ಯಾವ ಫಾಂಟು ಹಾಕಿದರೂ ಓದಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳು ಹಾಗಲ್ಲ. ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ರೂಪ. ಫಾಂಟು ಇಲ್ಲದ ಯಂತ್ರದಲ್ಲಿ ಆ ಕಡತ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿಬಿಡುತ್ತದೆ. ಇಪ್ಪತ್ತು ವರ್ಷಗಳಲ್ಲಿ ಒಂದೊಂದು ಮುದ್ರಣಾಲಯದ ಗಣಕದಲ್ಲೂ ಇಂಥ ನೂರಾರು ಫಾಂಟುಗಳು, ಒಂದೇ ಹೆಸರಿನ ಬೇರೆ ಬೇರೆ ಆವೃತ್ತಿಗಳಲ್ಲಿ ಸೇರಿಕೊಂಡಿರುತ್ತವೆ. ಮೇಲಾಗಿ ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಇಂದಿನ ಯಾವ ಆಪರೇಟಿಂಗ್ ಸಿಸ್ಟಮ್ಮೂ ಅದನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡದ್ದಲ್ಲ. ಅದು ಹೊಸ ಯಂತ್ರದಲ್ಲಿ ತೆರೆದುಕೊಂಡರೂ ಮುದ್ರಣದವರೆಗೆ, ಪಿಡಿಎಫ್ ಮಾಡುವವರೆಗೆ ಹೋಗಿ ನೋಡದೆ ತೀರ್ಮಾನಿಸಬಾರದು.

ಯುನಿಕೋಡಿನಲ್ಲಿ ಕೆಲಸ ಮಾಡುವವರಿಗಾಗಿ ನಾನು ಒಂದು ಪರೀಕ್ಷಾ ಪುಟ ಮಾಡಿಟ್ಟುಕೊಂಡಿದ್ದೇನೆ. ಅದರಲ್ಲಿ ಇರುವುದು ನಮ್ಮ ಸದಸ್ಯರ, ನಮ್ಮ ಊರುಗಳ ಹೆಸರುಗಳೇ: ಲಕ್ಷ್ಮೀನಾರಾಯಣ, ಶಾಸ್ತ್ರಿ, ಸ್ವರ್ಣವಲ್ಲಿ, ಹಾರ್ಸಿಕಟ್ಟಾ, ಮತ್ತಿಘಟ್ಟ. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ, ಅರ್ಕಾವೊತ್ತು, ದೀರ್ಘದ ಚಿಹ್ನೆ, ಎಲ್ಲವೂ ಇದರಲ್ಲಿ ಬರುತ್ತವೆ. ರ‍್ಯಾಂಕ್ ಎಂಬ ಪದವನ್ನು ವಿಶೇಷವಾಗಿ ಸೇರಿಸಿದ್ದೇನೆ. ಅದರಲ್ಲಿ ರಕಾರ ಪೂರ್ತಿಯಾಗಿ ಮೊದಲು ನಿಂತು ಯಕಾರ ಒತ್ತಾಗಿ ಕೆಳಗೆ ಬರಬೇಕು. ಹಾಗಾಗಲು ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ನಡುವೆ ಇರಬೇಕಾಗುತ್ತದೆ. ಟೈಪು ಮಾಡುವ ತಂತ್ರಾಂಶ, ಫಾಂಟು, ಆಪರೇಟಿಂಗ್ ಸಿಸ್ಟಮ್ ಈ ಮೂರರಲ್ಲಿ ಒಂದು ತಪ್ಪಿದರೂ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಹೋಗುತ್ತದೆ. ಕಾರವಾರದ ಮುದ್ರಣಾಲಯದವರು ತಮ್ಮ ಪುಟಕ್ಕೆ ದೇವನಾಗರಿ ಸಾಲುಗಳನ್ನೂ ಸೇರಿಸಿಕೊಳ್ಳಬೇಕು, ಕೊಂಕಣಿ, ಮರಾಠಿ ಆಮಂತ್ರಣಗಳೂ ಅವರ ನಿತ್ಯದ ಕೆಲಸವಷ್ಟೇ. ಈ ಪುಟವನ್ನು ಪರದೆಯ ಮೇಲೆ ನೋಡಿದರೆ ಸಾಲದು, ಕಾಗದಕ್ಕೆ ಇಳಿಸಿ ಓದಬೇಕು. ಮದುವೆಯ ಕಾಗದದಲ್ಲಿ ವಧುವಿನ ತಂದೆಯ ಹೆಸರು ಒಡೆದು ಬಂದರೆ ಅದನ್ನು ಸಮರ್ಥಿಸಲು ಯಾವ ತಾಂತ್ರಿಕ ಕಾರಣವೂ ಇಲ್ಲ.

ಈಗ ನಾನು ಅತ್ಯಂತ ಮುಖ್ಯವೆಂದು ಭಾವಿಸಿರುವ ಸಂಗತಿಗೆ ಬರುತ್ತೇನೆ. ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿಯನ್ನು ಆ ತಿಂಗಳ 2ರಂದು ಬಿಡುಗಡೆ ಮಾಡಿ, ನಾಲ್ಕೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ಕೆಲವರ ಡಾಕ್ಯುಮೆಂಟ್ಸ್ ಮುಂತಾದ ಫೋಲ್ಡರುಗಳಲ್ಲಿದ್ದ ಕಡತಗಳು ಅಳಿಸಿಹೋಗಿದ್ದವು. ಮೈಕ್ರೋಸಾಫ್ಟ್ ಹೇಳಿದ ಪ್ರಕಾರ ಇಂಥ ದೂರು ಬಂದದ್ದು ಹತ್ತು ಸಾವಿರಕ್ಕೆ ಒಂದರ ಪ್ರಮಾಣದಲ್ಲಿ. ಸಂಖ್ಯೆ ಚಿಕ್ಕದು. ಆದರೆ ಯಾರಿಗೆ ಹೀಗಾಯಿತು ಎಂಬುದನ್ನು ನೋಡಿ. ತಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಸಿ ಡ್ರೈವಿನಿಂದ ಬೇರೆ ಜಾಗಕ್ಕೆ ತಿರುಗಿಸಿ, ಹಳೆಯ ಜಾಗದಲ್ಲೂ ಕೆಲವು ಕಡತಗಳನ್ನು ಉಳಿಸಿಕೊಂಡವರು ತೊಂದರೆಗೆ ಸಿಕ್ಕಿದವರಲ್ಲಿ ಮುಖ್ಯರು. ಖಾಲಿಯೆಂದು ಭಾವಿಸಿದ ಹಳೆಯ ಫೋಲ್ಡರನ್ನು ಹೊಸ ಆವೃತ್ತಿ ತೆಗೆದುಹಾಕಿತ್ತು. ನಮ್ಮ ಕಡೆ ಗಣಕ ಹಾಕಿಕೊಡುವವರು, ‘ವಿಂಡೋಸ್ ಕೆಟ್ಟರೂ ನಿಮ್ಮ ಕಡತ ಡಿ ಡ್ರೈವಿನಲ್ಲಿ ಉಳಿಯಲಿ’ ಎಂದು ಮಾಡುವ ವ್ಯವಸ್ಥೆಯೇ ಇದು! ಮುಂಜಾಗ್ರತೆ ವಹಿಸಿದವರೇ ಆ ಹತ್ತು ಸಾವಿರದಲ್ಲಿ ಒಬ್ಬರಾಗುವ ಸಾಧ್ಯತೆ ಹೆಚ್ಚಾಗಿತ್ತು. ನವೆಂಬರ್ 13ರಂದು ಸರಿಪಡಿಸಿದ ಆವೃತ್ತಿ ಮತ್ತೆ ಹೊರಬಂತು. ಲಕ್ಷಾಂತರ ಜನರಿಗೆ ಸರಿಯಾಗಿ ನಡೆದಿದೆ ಎಂಬ ಮಾತು ನಮ್ಮ ಯಂತ್ರದ ಜೋಡಣೆ ಆ ಲಕ್ಷಾಂತರ ಜನರದಂತೆಯೇ ಇದ್ದರೆ ಮಾತ್ರ ನಮಗೆ ಅನ್ವಯಿಸುತ್ತದೆ.

ಆದ್ದರಿಂದಲೇ ನಾನು ಈಗ ಹಿಂದಕ್ಕೆ ಬರುವ ದಾರಿಯನ್ನು ಮೊದಲು ನಡೆದು ನೋಡುತ್ತೇನೆ. ಪೂರ್ತಿ ಡಿಸ್ಕಿನ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದು, ಅದನ್ನು ಬೇರೊಂದು ಡಿಸ್ಕಿನ ಮೇಲೆ ಇಳಿಸಿ, ಅದರಿಂದ ಗಣಕವನ್ನು ಆರಂಭಿಸಿ, ಲೆಕ್ಕದ ತಂತ್ರಾಂಶದಲ್ಲಿ ನಿನ್ನೆಯ ಕಿರ್ದಿ ತೆರೆಯುತ್ತದೆಯೇ ಎಂದು ನೋಡುವವರೆಗೆ ಬ್ಯಾಕಪ್ ಇದೆ ಎಂದು ನಾನು ಒಪ್ಪುವುದಿಲ್ಲ. ಬ್ಯಾಕಪ್ ತೆಗೆದ ಕಚೇರಿಗಳು ಬಹಳ, ಅದನ್ನು ಒಮ್ಮೆಯಾದರೂ ಮರಳಿ ಇಳಿಸಿ ನೋಡಿದ ಕಚೇರಿಗಳು ಕೆಲವೇ. ಇನ್ನೂ ಒಂದು ತೊಡಕಿದೆ. ಹತ್ತು ದಿನದೊಳಗೆ ಕಾಣಿಸಿಕೊಳ್ಳುವ ದೋಷ ದಿನನಿತ್ಯದ ಕೆಲಸದ್ದು. ನಮ್ಮ ಕಚೇರಿಗಳಲ್ಲಿ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬರುವ ಕೆಲಸಗಳೇ ಹೆಚ್ಚು ಭಾರವಾದವು. ಅವನ್ನು ಅವುಗಳ ದಿನ ಬರುವವರೆಗೆ ಕಾಯದೆ, ಕಳೆದ ವರ್ಷದ ಲೆಕ್ಕದ ಪ್ರತಿಯನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿ, ಮಾರ್ಚ್ 31ರ ಕೆಲಸವನ್ನು ಇಂದೇ ಇನ್ನೊಮ್ಮೆ ಮಾಡಿ, ಬಂದ ಹಾಳೆಗಳನ್ನು ಹಳೆಯ ಹಾಳೆಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಎರಡು ದಿನ ಹಿಡಿಯುವ ಕೆಲಸವಿದು. ನನ್ನ ಅನುಭವದಲ್ಲಿ ಇಷ್ಟು ಉಪಯೋಗವಾದ ಬೇರೆ ಎರಡು ದಿನಗಳಿಲ್ಲ.

ಯಾವಾಗ ಬದಲಿಸಬೇಕು ಎಂಬುದೂ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಕರಾವಳಿಯ ಮೀನುಗಾರಿಕೆ ಸಂಘಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ದೋಣಿಗಳ ನಿಷೇಧದ ಅವಧಿ ಬಿಡುವಿನದು, ಡೀಸೆಲ್ಲಿನ ಲೆಕ್ಕವೂ ಆಗ ತೆಳ್ಳಗಿರುತ್ತದೆ. ಮುದ್ರಣಾಲಯಕ್ಕೆ ಆಷಾಢದಲ್ಲಿ ಮದುವೆಯ ಕಾಗದಗಳಿಲ್ಲ. ಸಂಘಗಳಿಗೆ ಬೆಳೆಸಾಲದ ಗಡಿಬಿಡಿ, ವರ್ಷಾಂತ್ಯ, ಲೆಕ್ಕಪರಿಶೋಧನೆ, ವಾರ್ಷಿಕ ಸಭೆ ಇವೆಲ್ಲ ಕಳೆದ ಮೇಲೆ, ಹೊಸ ಅಡಿಕೆ ಮಾರುಕಟ್ಟೆಗೆ ಬರುವ ಮೊದಲು ಸ್ವಲ್ಪ ಜಾಗ ಸಿಗುತ್ತದೆ. ಆದರೆ ಮಳೆಗಾಲದ ಬಿಡುವನ್ನು ಆರಿಸಿಕೊಂಡವರು ನಮ್ಮ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರ ಬಿದ್ದು ವಿದ್ಯುತ್ ಹೋದರೆ ಎರಡು ದಿನ ಬಾರದ ಊರುಗಳು ಘಟ್ಟದ ಮೇಲೂ ಇವೆ, ಕೆಳಗೂ ಇವೆ. ಅನುಸ್ಥಾಪನೆಯ ನಡುವೆ ಯುಪಿಎಸ್ ಬತ್ತಿಹೋದರೆ ಡಿಸ್ಕು ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಎಂದು ಹೇಳಲಾಗದು. ಅಂತರ್ಜಾಲದಿಂದ ಇಳಿಸಿಕೊಳ್ಳಬೇಕಾದುದನ್ನೆಲ್ಲ ಮೊದಲೇ ಪೆನ್ ಡ್ರೈವಿಗೆ ತಂದಿಟ್ಟುಕೊಂಡು, ಜನರೇಟರ್ ಇರುವ ಜಾಗಕ್ಕೆ ಗಣಕವನ್ನೇ ಒಯ್ದು ಕೆಲಸ ಮುಗಿಸಿ ತಂದ ಉದಾಹರಣೆಗಳಿವೆ. ಅದು ಅತಿಯಾದ ಎಚ್ಚರಿಕೆ ಎಂದು ನನಗೆ ಅನಿಸುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಹಳೆಯದರಲ್ಲೇ ಇದ್ದುಬಿಡುವುದು ಕ್ಷೇಮವಲ್ಲವೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕ್ಷೇಮವಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ಮುಗಿದ ಮೇಲೂ ವರ್ಷಗಟ್ಟಲೆ ಅದರಲ್ಲೇ ಹಣದ ವ್ಯವಹಾರ ನಡೆಸಿದ ಕಚೇರಿಗಳನ್ನು ನಾನು ಕಂಡಿದ್ದೇನೆ. ಅಂಥ ವ್ಯವಸ್ಥೆಯಲ್ಲಿ ಹೊಸದಾಗಿ ಪತ್ತೆಯಾಗುವ ಪ್ರತಿ ಭದ್ರತಾ ದೋಷವೂ ತೆರೆದೇ ಉಳಿಯುತ್ತದೆ, ಸದಸ್ಯರ ಠೇವಣಿಯ ವಿವರಗಳು ಅದೇ ಯಂತ್ರದಲ್ಲಿರುತ್ತವೆ. ವಿಂಡೋಸ್ 10ಕ್ಕೆ ವಿಸ್ತರಿಸಿದ ಭದ್ರತಾ ತಿದ್ದುಪಡಿಗಳನ್ನು ನೋಂದಾಯಿಸಿಕೊಂಡು ಪಡೆಯಬಹುದು: ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ, ಸಂಸ್ಥೆಗಳಿಗೆ ಹಣ ಕೊಟ್ಟು ಹೆಚ್ಚೆಂದರೆ ಮೂರು ವರ್ಷ, ಅದೂ ಪ್ರತಿ ವರ್ಷ ದರ ಇಮ್ಮಡಿಯಾಗುತ್ತಾ ಹೋಗುವ ಕ್ರಮದಲ್ಲಿ. ಪರೀಕ್ಷೆಗೆ ಸಮಯ ಕೊಂಡುಕೊಳ್ಳಲು ಇದು ಒಳ್ಳೆಯ ದಾರಿ. ಪರೀಕ್ಷೆಯನ್ನೇ ಆರಂಭಿಸದವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಕೊನೆಯ ಪ್ರಶ್ನೆ ಸಿದ್ದಾಪುರ ಕಡೆಯ ಒಬ್ಬ ಹಿರಿಯ ಕಾರ್ಯದರ್ಶಿಯವರದು. ‘ನಮ್ಮ ಗಣಕಕ್ಕೆ ವಿಂಡೋಸ್ 11 ಹತ್ತುವುದೇ ಇಲ್ಲ ಎಂದು ಹೇಳಿದ್ದಾರೆ. ಹನ್ನೊಂದು ವರ್ಷದಿಂದ ಒಂದು ದಿನವೂ ತೊಂದರೆ ಕೊಟ್ಟದ್ದಲ್ಲ. ಅದನ್ನು ಏನು ಮಾಡೋಣ?’ ಎಂದು ಕೇಳಿದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆಯದು ಅಥವಾ ಅದರ ಈಚಿನದು ಬೇಕು. ಹನ್ನೊಂದು ವರ್ಷದ ಯಂತ್ರ ಅದರಲ್ಲಿ ಬರುವುದಿಲ್ಲ. ಅಡ್ಡದಾರಿಯಿಂದ ಹತ್ತಿಸುವ ವಿಧಾನಗಳಿವೆ, ಕಚೇರಿಯ ಯಂತ್ರಕ್ಕೆ ನಾನು ಅವನ್ನು ಮಾಡುವುದಿಲ್ಲ. ಅವರಿಗೆ ನಾನು ಹೇಳಿದ್ದು ಇದು: ಹೊಸ ಯಂತ್ರ ತಂದು ಒಂದು ತಿಂಗಳು ಎರಡರಲ್ಲೂ ಸಮವಾಗಿ ಕಿರ್ದಿ ಬರೆಯಿರಿ. ತಿಂಗಳ ಕೊನೆಯ ಪಟ್ಟಿಗಳು ಎರಡರಿಂದಲೂ ಒಂದೇ ರೀತಿ ಬಂದರೆ ಹಳೆಯದರ ನೆಟ್‌ವರ್ಕ್ ತಂತಿಯನ್ನು ಕಳಚಿ, ಅದರ ವೈಫೈ ನಿಲ್ಲಿಸಿ, ಈ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಹಿಂದಿನ ವರ್ಷಗಳ ಲೆಕ್ಕ ನೋಡುವುದಕ್ಕಾಗಿ ಮಾತ್ರ ಇಟ್ಟುಕೊಳ್ಳಿ. ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, ಒಂದು ತಿಂಗಳು ಎಂದರೆ ಯಾವ ತಿಂಗಳು ಎಂದು ಕೇಳಿದರು. ಅವರ ಸಂಘದಲ್ಲಿ ಮುಂದಿನ ತ್ರೈಮಾಸಿಕ ಬಡ್ಡಿ ಹಾಕುವುದು ಡಿಸೆಂಬರಿನಲ್ಲಿ ಎಂದು ತಿಳಿದ ಮೇಲೆ, ಡಿಸೆಂಬರನ್ನೇ ಆರಿಸಿಕೊಳ್ಳಿ ಎಂದೆ.